ಹೊಸ ಜಾಲತಾಣಕ್ಕೆ ಹೋಸ್ಟಿಂಗ್ ಸೇವೆಯ ಆಯ್ಕೆ: ಸಾರ್ವಜನಿಕರ ಮಾಹಿತಿಗಾಗಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಸಹಕಾರ ಸಂಘಗಳು, ಸ್ವಸಹಾಯ ಗುಂಪುಗಳು, ರೇಷ್ಮೆ ರೀಲರುಗಳು, ಹೂವು ಹಾಗೂ ದ್ರಾಕ್ಷಿ ಬೆಳೆಗಾರರು ಸ್ವಂತ ಜಾಲತಾಣ ಆರಂಭಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

ಜಾಲತಾಣಕ್ಕೆ ಎರಡು ಸೇವೆಗಳು ಅವಶ್ಯ. ಮೊದಲನೆಯದು ಡೊಮೈನ್, ಅಂದರೆ ತಾಣದ ಹೆಸರು. ಎರಡನೆಯದು ಹೋಸ್ಟಿಂಗ್, ಅಂದರೆ ತಾಣದ ಕಡತಗಳನ್ನು ಇರಿಸುವ ಸರ್ವರ್‌ನಲ್ಲಿನ ಸ್ಥಳ. ಹೆಸರು ಅಂಗಡಿಯ ನಾಮಫಲಕವಾದರೆ, ಹೋಸ್ಟಿಂಗ್ ಬಾಡಿಗೆ ಮಳಿಗೆ. ಮಳಿಗೆ ಬದಲಾಯಿಸಿದರೂ ನಾಮಫಲಕ ತಮ್ಮ ಬಳಿಯೇ ಉಳಿಯತಕ್ಕದ್ದು.

1. ಹೆಸರಿನ ಒಡೆತನ: ನೋಂದಣಿಯು ಸಂಘದ ಅಥವಾ ಮಾಲೀಕರ ಹೆಸರಿನಲ್ಲಿಯೇ ಇರಬೇಕು, ತಾಣ ರೂಪಿಸಿಕೊಟ್ಟವರ ಹೆಸರಿನಲ್ಲಿ ಇರಕೂಡದು. ಅವರು ಊರು ಬಿಟ್ಟರೆ ಅಥವಾ ನವೀಕರಣ ಮರೆತರೆ, ರಸೀದಿ ಪುಸ್ತಕದಲ್ಲಿ ಮುದ್ರಿಸಿದ ವಿಳಾಸವೇ ಕೈತಪ್ಪಬಹುದು. ಸಂಘಗಳು ಕಾರ್ಯದರ್ಶಿಯ ಖಾಸಗಿ ಇ-ಮೇಲ್ ಬದಲು ಸಂಘದ ಇ-ಮೇಲ್ ವಿಳಾಸವನ್ನೇ ನೀಡತಕ್ಕದ್ದು. ಡಾಟ್ ಇನ್ ಹೆಸರುಗಳ ವ್ಯವಸ್ಥೆಯನ್ನು ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ (ನಿಕ್ಸಿ) ನಿರ್ವಹಿಸುತ್ತದೆ. ಕನ್ನಡ ಲಿಪಿಯಲ್ಲಿ ಡಾಟ್ ಭಾರತ ಹೆಸರುಗಳೂ ಇವೆ.

2. ನವೀಕರಣ ದರ: ಮೊದಲ ವರ್ಷದ ರಿಯಾಯಿತಿಯನ್ನಷ್ಟೇ ನೋಡದೆ ಮೂರು ವರ್ಷಗಳ ಒಟ್ಟು ವೆಚ್ಚವನ್ನು ಹೋಲಿಸುವುದು. ಉದಾಹರಣೆಗೆ, ಒಬ್ಬ ಸೇವಾದಾರರು ಮೊದಲ ವರ್ಷಕ್ಕೆ ರೂ. 1,200 ಮತ್ತು ನಂತರ ಪ್ರತಿ ವರ್ಷ ರೂ. 4,000 ಕೇಳಿದರೆ ಒಟ್ಟು ರೂ. 9,200. ಇನ್ನೊಬ್ಬರು ಪ್ರತಿ ವರ್ಷ ರೂ. 3,000 ಕೇಳಿದರೆ ಒಟ್ಟು ರೂ. 9,000. ಮೊದಲಿಗೆ ಅಗ್ಗವೆನಿಸಿದ್ದೇ ದುಬಾರಿಯಾಯಿತು. ಇದಕ್ಕೆ ಶೇ. 18ರ ಜಿ.ಎಸ್.ಟಿ. ಪ್ರತ್ಯೇಕ. ತೆರಿಗೆ ಸಹಿತ ಬಿಲ್ಲನ್ನು ಕೇಳಿ ಪಡೆಯುವುದು.

3. ಲಭ್ಯತೆ: ಶೇ. 99ರ ಭರವಸೆ ಎಂದರೆ 30 ದಿನಗಳ ತಿಂಗಳಲ್ಲಿ 7 ಗಂಟೆ 12 ನಿಮಿಷ ತಾಣ ಸ್ಥಗಿತಗೊಳ್ಳಬಹುದು. ಶೇ. 99.9 ಆದರೆ ಸುಮಾರು 43 ನಿಮಿಷ ಮಾತ್ರ. ಮಾರುಕಟ್ಟೆಯ ಧಾರಣೆ ಪ್ರಕಟಿಸುವವರಿಗೆ ಈ ವ್ಯತ್ಯಾಸ ಮುಖ್ಯ. ಭರವಸೆ ತಪ್ಪಿದಲ್ಲಿ ಏನು ಪರಿಹಾರವೆಂಬುದನ್ನು ಲಿಖಿತವಾಗಿ ಪಡೆಯತಕ್ಕದ್ದು.

4. ಬ್ಯಾಕಪ್ ಮತ್ತು ಸುರಕ್ಷತೆ: ಸೇವಾದಾರರು ಬ್ಯಾಕಪ್ ಇಟ್ಟರೂ ತಿಂಗಳಿಗೊಮ್ಮೆ ಪ್ರತಿಯೊಂದನ್ನು ತಮ್ಮ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವುದು. ಎಸ್.ಎಸ್.ಎಲ್. ಪ್ರಮಾಣಪತ್ರ ದರದಲ್ಲಿ ಸೇರಿದೆಯೇ ಎಂದು ವಿಚಾರಿಸುವುದು. ಸದಸ್ಯರ ದೂರವಾಣಿ, ಬ್ಯಾಂಕ್ ವಿವರ ಸಂಗ್ರಹಿಸುವವರು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ನ್ನು ಗಮನದಲ್ಲಿರಿಸಿಕೊಳ್ಳತಕ್ಕದ್ದು.

5. ಬಿಡುಗಡೆಯ ಮಾರ್ಗ: ಬೇರೆ ಸಂಸ್ಥೆಗೆ ಹೋಗಬೇಕಾದಲ್ಲಿ ಹೆಸರಿನ ವರ್ಗಾವಣೆ ಸಂಕೇತವನ್ನೂ ಕಡತಗಳನ್ನೂ ನೀಡುವರೇ ಎಂದು ಹಣ ಪಾವತಿಸುವ ಮುನ್ನವೇ ಕೇಳುವುದು. ಸ್ಪಷ್ಟ ಉತ್ತರ ನೀಡದ ಸೇವಾದಾರರನ್ನು ಆಯ್ಕೆ ಮಾಡದಿರುವುದು ಲೇಸು.

ಚಿಕ್ಕ ತಾಣಗಳಿಗೆ ಆರಂಭದಲ್ಲಿ ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಸಾಕಾಗುತ್ತದೆ. ಸಂದರ್ಶಕರು ಹೆಚ್ಚಿದಂತೆ ಮೇಲಿನ ಹಂತಕ್ಕೆ ಹೋಗಬಹುದು.

ಗ್ರಾಹಕರು ಸೇವಾ ನ್ಯೂನತೆಯ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ, ಆನ್‌ಲೈನ್ ಹಣ ವಂಚನೆಯ ಬಗ್ಗೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಕರೆ ಮಾಡಬಹುದು. ನೋಂದಣಿ ಪತ್ರ, ಪಾಸ್‌ವರ್ಡ್, ಬಿಲ್ಲು ಮತ್ತು ನವೀಕರಣದ ದಿನಾಂಕವನ್ನು ಸಂಘದ ದಾಖಲೆಗಳೊಂದಿಗೆ ಭದ್ರವಾಗಿಟ್ಟು, ಪದಾಧಿಕಾರಿಗಳು ಬದಲಾದಾಗ ತಪ್ಪದೇ ಹಸ್ತಾಂತರಿಸಲು ಕೋರಲಾಗಿದೆ.