ಕೆಎ-32 ಗಾಡಿಗೆ ಕಾಚಿಗೂಡದಲ್ಲಿ ಏನು ಬೆಲೆ?

ಕಾಚಿಗೂಡದ ನಮ್ಮ ಮನೆ ಮುಂದೆ ಐದು ವರ್ಷ ನಿಂತ ಸ್ವಿಫ್ಟ್ ಕಾರಿನ ನಂಬರು ಕೆಎ-32. 2018ರಲ್ಲಿ ಕಲಬುರಗಿಯಲ್ಲಿ ಕೊಂಡದ್ದು. ಕಳೆದ ವರ್ಷ ಮಾರಲು ಹೊರಟಾಗ ದಲ್ಲಾಳಿ ಬಾನೆಟ್ ತೆಗೆದು ನೋಡಿದ, ಒಂದು ಸುತ್ತು ಓಡಿಸಿದ, ಕೊನೆಗೆ ನಂಬರ್ ಪ್ಲೇಟ್ ಮುಂದೆ ನಿಂತ. "ಗಾಡಿ ತೋ ಅಚ್ಛೀ ಹೈ ಸಾಬ್, ನಂಬರ್ ಬಾಹರ್ ಕಾ ಹೈ." ಇಲ್ಲಿಯ ನಂಬರಿನ ಅಂಥದೇ ಗಾಡಿಗಿಂತ 80 ಸಾವಿರ ಕಡಿಮೆ ಹೇಳಿದ.

ಗಾಡಿಯಲ್ಲಿ ಏನಾದರೂ ವ್ಯತ್ಯಾಸವಿದೆಯೇ? ಒಂದು ಕಾಲಕ್ಕೆ ಇರುತ್ತಿತ್ತು. 2010ರಲ್ಲಿ ಬಿಎಸ್-4 ಕಡ್ಡಾಯವಾದದ್ದು 13 ನಗರಗಳಿಗೆ ಮಾತ್ರ. ಹೈದರಾಬಾದ್, ಬೆಂಗಳೂರು ಆ ಪಟ್ಟಿಯಲ್ಲಿದ್ದವು, ಕಲಬುರಗಿ ಇರಲಿಲ್ಲ. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಒಂದೇ ನಿಯಮ. ದುಬೈಯಲ್ಲಿರುವ ಗೆಳೆಯ ಹೇಳುವಂತೆ ಅಲ್ಲಿ ಅಮೆರಿಕದಿಂದ ಬಂದ ಕಾರಿಗೆ ಬೆಲೆ ಇಳಿಯುತ್ತದೆ. ಅಲ್ಲಿಯ ಬಿಸಿಲಿಗೆಂದೇ ಮಾಡಿದ ರೇಡಿಯೇಟರ್, ಎಸಿ ಅದರಲ್ಲಿ ಇರುವುದಿಲ್ಲ. ಅದಕ್ಕೊಂದು ಅರ್ಥವಿದೆ. ನನ್ನ ಕಾರಿನಲ್ಲಿ ಬೇರೆ ಇದ್ದದ್ದು ಎರಡು ಅಕ್ಷರ.

ಆ ಎರಡು ಅಕ್ಷರದ ಹಿಂದೆ ಕಾಗದದ ರಾಶಿ. ಕಲಬುರಗಿ ಆರ್‌ಟಿಓದಿಂದ ಫಾರ್ಮ್ 28ರ ಎನ್‌ಓಸಿ ತರಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ, ಬಾಕಿ ಚಲನ್ ಇದ್ದರೆ ಅದರ ದಂಡ. ಆಮೇಲೆ ಇಲ್ಲಿ ತೆರಿಗೆ ಕಟ್ಟಿ ಹೊಸ ನಂಬರು. ಕರ್ನಾಟಕದಲ್ಲಿ ಒಮ್ಮೆಗೇ ಕಟ್ಟಿದ ಜೀವಾವಧಿ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ಮರಳಿ ಕೇಳಬಹುದು, ಆದರೆ ಇಲ್ಲಿ ಕಟ್ಟಿದ ಮೇಲೆ. ಈ ಹಣ, ಓಡಾಟ, ಕಾಯುವಿಕೆ ಎಲ್ಲವನ್ನೂ ದಲ್ಲಾಳಿ ಆ 80 ಸಾವಿರದಲ್ಲಿ ಲೆಕ್ಕ ಹಾಕಿದ್ದ. ಅವನನ್ನು ಬೈದು ಫಲವಿಲ್ಲ.

ತಪ್ಪು ನನ್ನದೂ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಬೇರೆ ರಾಜ್ಯದಲ್ಲಿ ಗಾಡಿ 12 ತಿಂಗಳು ಮೀರಿ ಇದ್ದರೆ ಅಲ್ಲಿಯ ನಂಬರು ಮಾಡಿಸಲೇಬೇಕು. 'ಇವತ್ತಲ್ಲ ನಾಳೆ ಊರಿಗೆ ಹೋಗೋದೇ ಅಲ್ಲ' ಅಂತ ನಾನು ದಿನ ದೂಡಿದ್ದೆ. ನಮ್ಮಲ್ಲಿ ಬಹಳ ಮಂದಿ ಹೀಗೇ.

ಕೊನೆಗೆ ಒಂದು ಭಾನುವಾರ ಗಾಡಿಯನ್ನು ಕಲಬುರಗಿಗೇ ಓಡಿಸಿಕೊಂಡು ಹೋದೆ. ಅಲ್ಲಿ ಕೆಎ-32 ಮನೆಯ ನಂಬರು; ಫಾರ್ಮ್ 29, 30ಕ್ಕೆ ಸಹಿ ಹಾಕಿದರೆ ಮುಗಿಯಿತು. ದಲ್ಲಾಳಿ ಹೇಳಿದ್ದಕ್ಕಿಂತ 65 ಸಾವಿರ ಹೆಚ್ಚು ಸಿಕ್ಕಿತು.

ಹೊಸ ಕಾರಿಗೆ ಬಿಎಚ್ ನಂಬರು ತೆಗೆದುಕೊಂಡಿದ್ದೇನೆ. ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯ ನೌಕರರಿಗೆ 2021ರಿಂದ ಇದು ಸಿಗುತ್ತದೆ. ತೆರಿಗೆ ಎರಡೆರಡು ವರ್ಷಕ್ಕೆ. ಕೊಳ್ಳುವವನಿಗೆ ಆ ಅರ್ಹತೆ ಇಲ್ಲದಿದ್ದರೆ ಮತ್ತೆ ರಾಜ್ಯದ ನಂಬರು ಮಾಡಿಸಿ ತೆರಿಗೆ ಕಟ್ಟಬೇಕು. ಆಗ ದಲ್ಲಾಳಿ ಎಷ್ಟು ಕಡಿತ ಹೇಳುತ್ತಾನೋ, ಮಾರುವಾಗ ಬರೆಯುತ್ತೇನೆ.