ಹಳೆಯ ಸಂಸ್ಕಾರಕಗಳ ಬೆಂಬಲ ಹಿಂತೆಗೆತ

ಹಳೆಯ ಸಂಸ್ಕಾರಕಗಳ ಬೆಂಬಲ ಹಿಂತೆಗೆತ ಎಂದರೆ, ಗಣಕಯಂತ್ರದ ಕಾರ್ಯಾಚರಣಾ ವ್ಯವಸ್ಥೆಯೊಂದರ ಹೊಸ ಆವೃತ್ತಿಗಳು ನಿರ್ದಿಷ್ಟ ತಲೆಮಾರಿಗಿಂತ ಹಿಂದಿನ ಸಂಸ್ಕಾರಕಗಳಲ್ಲಿ, ಅಂದರೆ ಪ್ರೊಸೆಸರ್‌ಗಳಲ್ಲಿ, ನಡೆಯುವುದನ್ನು ಹಂತಹಂತವಾಗಿ ನಿಲ್ಲಿಸುವ ಕ್ರಮ. ಇದರಿಂದ ಹಳೆಯ ಯಂತ್ರವು ಕೂಡಲೇ ನಿಷ್ಪ್ರಯೋಜಕವಾಗುವುದಿಲ್ಲ. ಅದರಲ್ಲಿರುವ ವ್ಯವಸ್ಥೆ ಎಂದಿನಂತೆ ನಡೆಯುತ್ತದೆ. ಆದರೆ ಹೊಸ ಆವೃತ್ತಿಗಳೂ ಕ್ರಮೇಣ ಭದ್ರತಾ ಪರಿಷ್ಕರಣೆಗಳೂ ಅದಕ್ಕೆ ದೊರೆಯುವುದಿಲ್ಲ.

ಕಾರಣಗಳು

ಪ್ರತಿ ತಲೆಮಾರಿನ ಸಂಸ್ಕಾರಕಕ್ಕೂ ಹೊಸ ಆದೇಶಗಳು ಸೇರುತ್ತವೆ. ತಂತ್ರಾಂಶವು ಹಳೆಯ ಸಂಸ್ಕಾರಕದಲ್ಲಿಯೂ ನಡೆಯಬೇಕಾದರೆ ಈ ಆದೇಶಗಳನ್ನು ಬಳಸದೆ ಇರಬೇಕು, ಇಲ್ಲವೇ ಎರಡು ಮಾರ್ಗಗಳನ್ನು ಉಳಿಸಿಕೊಳ್ಳಬೇಕು. ಇದಲ್ಲದೆ, 32-ಬಿಟ್ ವಿಳಾಸದಿಂದ ನೇರವಾಗಿ ಗುರುತಿಸಬಹುದಾದ ಸ್ಮೃತಿ 4 ಗಿಗಾಬೈಟ್ ಮಾತ್ರ. ಕಾಲವನ್ನು 32 ಬಿಟ್‌ಗಳಲ್ಲಿ ಎಣಿಸುವ ವ್ಯವಸ್ಥೆಗಳು 2038ರ ಜನವರಿ 19ರ ನಂತರದ ದಿನಾಂಕವನ್ನು ಸರಿಯಾಗಿ ತೋರಿಸಲಾರವು. ಹಳೆಯ ಯಂತ್ರಗಳನ್ನು ಪರೀಕ್ಷಿಸುವ ಸ್ವಯಂಸೇವಕರ ಕೊರತೆಯೂ ಮುಖ್ಯ ಕಾರಣ.

ಹಂತಗಳು

ಹಿಂತೆಗೆತವು ಸಾಮಾನ್ಯವಾಗಿ ಒಮ್ಮೆಲೇ ನಡೆಯುವುದಿಲ್ಲ. ಮೊದಲು ಪೂರ್ವನಿಯೋಜಿತ ಬೆಂಬಲವು ಐಚ್ಛಿಕವಾಗುತ್ತದೆ. ಬೇಕಾದವರು ಪ್ರತ್ಯೇಕ ಪ್ರತಿಯನ್ನು ಪಡೆಯಬೇಕು. ಬಳಿಕ ಸ್ಥಾಪನಾ ಪ್ರತಿ ನಿಲ್ಲುತ್ತದೆ. ಕೊನೆಯಲ್ಲಿ ಸಂಬಂಧಿಸಿದ ಭಾಗವನ್ನು ಆಕರ ಸಂಕೇತದಿಂದಲೇ ತೆಗೆಯಲಾಗುತ್ತದೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 (2025) ಎವಿಎಕ್ಸ್2 ಆದೇಶಗಳುಳ್ಳ ಸಂಸ್ಕಾರಕವನ್ನು ಕಡ್ಡಾಯಗೊಳಿಸಿದಾಗ, ಅದನ್ನು ಅನುಸರಿಸುವ ಆಲ್ಮಾಲಿನಕ್ಸ್ 10 ಹಳೆಯ ಯಂತ್ರಗಳಿಗೆ ಪ್ರತ್ಯೇಕ ಪ್ರತಿಯನ್ನು ಒದಗಿಸಿತು.

ಪ್ರಮುಖ ನಿದರ್ಶನಗಳು

• ಲಿನಕ್ಸ್: ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ತಿರುಳನ್ನು ಬರೆದದ್ದು ಇಂಟೆಲ್ 80386 ಸಂಸ್ಕಾರಕಕ್ಕಾಗಿ. 2013ರ 3.8ನೇ ಆವೃತ್ತಿಯು ಅದೇ ಸಂಸ್ಕಾರಕದ ಬೆಂಬಲವನ್ನು ಕೈಬಿಟ್ಟಿತು.
• ಉಬುಂಟು: 2017ರ 17.10ನೇ ಆವೃತ್ತಿಯಿಂದ 32-ಬಿಟ್ ಡೆಸ್ಕ್‌ಟಾಪ್ ಸ್ಥಾಪನಾ ಪ್ರತಿಯನ್ನು ನಿಲ್ಲಿಸಿತು. 2019ರ 19.10ನೇ ಆವೃತ್ತಿಯಲ್ಲಿ ಬಹುಪಾಲು 32-ಬಿಟ್ ತಂತ್ರಾಂಶಗಳನ್ನೂ ಕೈಬಿಟ್ಟಿತು.
• ಡೆಬಿಯನ್: 2025ರ ಆಗಸ್ಟ್‌ನ 13ನೇ ಆವೃತ್ತಿಯಲ್ಲಿ 32-ಬಿಟ್ ಇಂಟೆಲ್ ಯಂತ್ರಗಳಿಗೆ ಸ್ಥಾಪನಾ ಪ್ರತಿ ಇಲ್ಲ.
• ವಿಂಡೋಸ್: 2021ರ ವಿಂಡೋಸ್ 11, ಇಂಟೆಲ್ ಸಂಸ್ಕಾರಕಗಳಲ್ಲಿ ಬಹುಮಟ್ಟಿಗೆ 8ನೇ ತಲೆಮಾರು ಮತ್ತು ಅನಂತರದವನ್ನು ಮಾತ್ರ ಅಧಿಕೃತವಾಗಿ ಒಪ್ಪುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು.

ಕರ್ನಾಟಕದ ಶಾಲೆಗಳು

ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆಸಿದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮವು ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ತರಬೇತಿಯಲ್ಲಿ ಉಬುಂಟುವನ್ನು ಬಳಸಿತು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣ ರೂಪುಗೊಂಡದ್ದೂ ಇದರೊಂದಿಗೆ. ಹೀಗಾಗಿ ಉಬುಂಟುವಿನ ನಿರ್ಧಾರ ಕನ್ನಡ ಶಾಲೆಗಳಿಗೂ ಸಂಬಂಧಿಸಿದ್ದು. ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲದಿದ್ದರೂ ಯಂತ್ರದ ಆಯುಷ್ಯದ ಪ್ರಶ್ನೆ ಅದಕ್ಕೂ ಉಂಟು.

ಯಂತ್ರವನ್ನು ಗುರುತಿಸುವುದು

ಕೊಳ್ಳೇಗಾಲ, ಹನೂರು ಅಥವಾ ಯಳಂದೂರಿನಂತಹ ತಾಲ್ಲೂಕಿನ ಶಾಲೆಯೊಂದು ಹಳೆಯ ಗಣಕಯಂತ್ರವನ್ನು ವಿಲೇವಾರಿ ಮಾಡುವ ಮೊದಲು ಅದು ಯಾವ ವರ್ಗಕ್ಕೆ ಸೇರಿದ್ದೆಂದು ನೋಡಬೇಕು. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬ ಕ್ರಮದಲ್ಲಿ ತೆರೆದರೆ ಈ ವಿವರ ದೊರೆಯುತ್ತದೆ. ಅಲ್ಲಿ "32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್" ಎಂದಿದ್ದರೆ, ಹಳೆಯದಾಗಿರುವುದು ಸ್ಥಾಪಿಸಿದ ವ್ಯವಸ್ಥೆಯೇ ಹೊರತು ಸಂಸ್ಕಾರಕವಲ್ಲ. ಅಂತಹ ಯಂತ್ರವನ್ನು ವಿಂಡೋಸ್ 11 ನಿರಾಕರಿಸಿದರೂ, ಸಾಕಷ್ಟು ಸ್ಮೃತಿಯಿದ್ದಲ್ಲಿ, ಡೆಬಿಯನ್ 13ರ 64-ಬಿಟ್ ಪ್ರತಿಯಂತಹ ಲಿನಕ್ಸ್ ನಡೆಯುತ್ತದೆ. ಯೂನಿಕೋಡ್ ಕನ್ನಡದಲ್ಲಿ ಓದಲು, ಬರೆಯಲು ಅಡ್ಡಿಯಿಲ್ಲ. ಸಂಸ್ಕಾರಕವೇ 32-ಬಿಟ್‌ನದಾಗಿದ್ದರೆ, ಅದನ್ನು ಅಂತರಜಾಲಕ್ಕೆ ಸೇರಿಸದೆ ಬೆರಳಚ್ಚು ಅಭ್ಯಾಸದಂತಹ ಕೆಲಸಕ್ಕೆ ಬಳಸುವುದು ಸುರಕ್ಷಿತ. ಎರಡೂ ಸಂದರ್ಭಗಳಲ್ಲಿ ಕಡತಗಳ ಪ್ರತಿಯನ್ನು ಮೊದಲು ಬೇರೆಡೆ ತೆಗೆದಿರಿಸಬೇಕು.

ಇವನ್ನೂ ನೋಡಿ

• ಲಿನಕ್ಸ್
• ಉಬುಂಟು
• ಯೂನಿಕೋಡ್
• ವಿದ್ಯುನ್ಮಾನ ತ್ಯಾಜ್ಯ