ಕಾರಿನಲ್ಲಿ ಮಕ್ಕಳೊಡನೆ ಧರ್ಮಸ್ಥಳಕ್ಕೆ ಹೊರಟಾಗ



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಗರ್ಭ ಕಟ್ಟದ ಹಸು, ಖನಿಜ ಮಿಶ್ರಣ ಇಂಥವುಗಳ ಬಗ್ಗೆ ಬರೆಯುತ್ತೇನೆ. ದನದ ಡಾಕ್ಟರು ಈ ಸಲ ಮಕ್ಕಳ ವಿಷಯಕ್ಕೆ ಏಕೆ ಬಂದರು ಎಂದು ತಾವು ಕೇಳಬಹುದು. ಅದಕ್ಕೆ ಕಾರಣವಿದೆ.

ನಮ್ಮ ಸದಸ್ಯರೊಬ್ಬರು ಬೇಸಿಗೆ ರಜೆಯಲ್ಲಿ ಕುಟುಂಬ ಸಮೇತ ಧರ್ಮಸ್ಥಳಕ್ಕೆ ಹೋಗಿದ್ದರು. ಬೆಳಗಿನ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕೆಂದು ರಾತ್ರಿ ಊಟ ಮುಗಿಸಿ ಅಲ್ಲಿಂದ ಹೊರಟರು. ಐದು ಜನ ಕೂರುವ ಕಾರಿನಲ್ಲಿ ಮಕ್ಕಳೂ ಸೇರಿ ಎಂಟು ಜನ. ಸಕಲೇಶಪುರ ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಮಕ್ಕಳು ಕಿತ್ತಾಡಿ, ಒಂದು ಕಿರುಚಿ ಅತ್ತಿತು. ಗಾಡಿ ಓಡಿಸುತ್ತಿದ್ದ ತಂದೆ ಹಿಂತಿರುಗಿ ಒಂದು ಮಾತು ಗದರಿದರು. ಅಷ್ಟರಲ್ಲಿ ಕಾರು ರಸ್ತೆ ಬಿಟ್ಟು ಚರಂಡಿಗೆ ಇಳಿದಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಮುಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲಿದ್ದ ಮಗುವಿನ ಹಣೆಗೆ ಹೊಲಿಗೆ ಬಿತ್ತು. ಅವರ ಹಸು ನೋಡಲು ಹೋದಾಗ ಕೊಟ್ಟಿಗೆಯಲ್ಲಿ ನಿಂತು ಇದನ್ನೆಲ್ಲ ಹೇಳಿದರು. "ಎರಡು ಕ್ಷಣ ಸಾರ್, ಅಷ್ಟೇ ತಿರುಗಿದ್ದು" ಎಂದರು.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಸಾಗುತ್ತದೆ. ಎರಡು ಸೆಕೆಂಡಿಗೆ 33 ಮೀಟರ್. ಅಷ್ಟು ದೂರವನ್ನು ಕಣ್ಣು ಮುಚ್ಚಿಕೊಂಡು ಓಡಿಸಿದಂತಾಯಿತು. ಆದ್ದರಿಂದ ದಾರಿಯಲ್ಲಿ ಮಕ್ಕಳನ್ನು ನೆಮ್ಮದಿಯಾಗಿ ಇಟ್ಟುಕೊಳ್ಳುವುದು ಪೇಟೆಯವರ ಚೋದ್ಯವೆಂದು ತಿಳಿಯಬೇಡಿ. ಬ್ರೇಕು, ಟೈರು ನೋಡಿಕೊಳ್ಳುವಷ್ಟೇ ಅಗತ್ಯದ ಕೆಲಸ ಅದು.

ಹೊರಡುವ ಮೊದಲು ಕೊಟ್ಟಿಗೆಯ ಏರ್ಪಾಡು

ನಮ್ಮ ಜನರ ಪ್ರಯಾಣ ಕೆಡುವುದು ದಾರಿಯಲ್ಲಿ ಅಲ್ಲ, ಕೊಟ್ಟಿಗೆಯಲ್ಲಿ. ಎರಡು ಹೊತ್ತಿನ ಹಾಲಿನ ನಡುವೆ ಹೋಗಿ ಬರಬೇಕೆಂಬ ಆತುರವೇ ಎಲ್ಲ ಅವಸರಕ್ಕೂ ಮೂಲ. ಹೊರಡುವುದಕ್ಕೆ ಮೂರು ನಾಲ್ಕು ದಿನ ಮೊದಲೇ, ನೀವಿಲ್ಲದಾಗ ಹಾಲು ಕರೆಯುವವರನ್ನು ಕರೆಸಿ ನಿಮ್ಮ ಎದುರಿಗೇ ಕರೆಯಿಸಿ. ಹೊಸ ಕೈಗೆ ಹಸು ತಕ್ಷಣ ಸೊರೆ ಬಿಡುವುದಿಲ್ಲ. ಒಮ್ಮೆ ಕೈ ಒಗ್ಗಿದರೆ ನೀವು ಒಂದು ರಾತ್ರಿ ಅಲ್ಲೇ ಉಳಿದು, ಮರುದಿನ ಹಗಲಲ್ಲಿ ನಿಧಾನವಾಗಿ ಬರಬಹುದು. ಸಂಘದ ಕಾರ್ಯದರ್ಶಿಯವರಿಗೂ ಒಂದು ಮಾತು ತಿಳಿಸಿರಿ. ಒಂದು ಹೊತ್ತಿನ ಹಾಲು ಎರಡು ಲೀಟರ್ ಕಡಿಮೆಯಾದರೆ ಆಗಲಿ.

ಯಾರು ಎಲ್ಲಿ ಕೂರಬೇಕು?

ಲಾರಿಯಲ್ಲಿ ದನ ಸಾಗಿಸುವಾಗ ದೊಡ್ಡ ಹಸುವಿನ ಪಕ್ಕದಲ್ಲಿ ಎಳೆಗರುವನ್ನು ಕಟ್ಟಬೇಡಿ ಎಂದು ನಾವು ಹೇಳುತ್ತೇವೆ, ನೀವೂ ಕಟ್ಟುವುದಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಎಲ್ಲರನ್ನೂ ಹಿಂದಿನ ಸೀಟಿಗೆ ತುಂಬಿ ಬಾಗಿಲು ಹಾಕಿಬಿಡುತ್ತೇವೆ. ಜಗಳವಾಡುವ ಇಬ್ಬರ ನಡುವೆ ದೊಡ್ಡವರೊಬ್ಬರು ಕುಳಿತರೆ ಅರ್ಧ ಗಲಾಟೆ ಕಡಿಮೆಯಾಗುತ್ತದೆ. ವಾಂತಿ ಬರುವ ಮಗು ರಸ್ತೆ ಕಾಣುವಂತೆ ಕುಳಿತಿರಲಿ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಗುವನ್ನು ಕೂರಿಸಿಕೊಳ್ಳುವುದು ಕೂಡದು. ಗಾಡಿ ಗಕ್ಕನೆ ನಿಂತರೆ ಎಂಥ ಗಟ್ಟಿಗಿತ್ತಿ ತಾಯಿಯ ಕೈಗೂ ಮಗು ನಿಲ್ಲುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ 14 ವರ್ಷ ತುಂಬದ ಮಕ್ಕಳಿಗೆ ಬೆಲ್ಟು ಅಥವಾ ಮಕ್ಕಳ ಸುರಕ್ಷಾ ಸೀಟು ಇರಲೇಬೇಕು. ತಪ್ಪಿದರೆ 1000 ರೂಪಾಯಿ ದಂಡ. ಐದು ಜನರ ಕಾರಿನಲ್ಲಿ ಎಂಟು ಜನ ಕುಳಿತರೆ ಬೆಲ್ಟು ಎಲ್ಲಿಂದ ಬರಬೇಕು? ಜನ ಹೆಚ್ಚಿದ್ದರೆ ದೊಡ್ಡ ಗಾಡಿಯನ್ನೇ ಬಾಡಿಗೆಗೆ ಗೊತ್ತು ಮಾಡಿ. ಹಾಲಿನ ಕ್ಯಾನು ಸಾಗಿಸುವ ಗೂಡ್ಸ್ ಆಟೊದ ಹಿಂಭಾಗದಲ್ಲಿ ಹುಲ್ಲು ಹಾಸಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನೂ ಕಂಡಿದ್ದೇನೆ. ಅದರ ಬಗ್ಗೆ ಹೆಚ್ಚು ಹೇಳಲಾರೆ, ದಯವಿಟ್ಟು ಮಾಡಬೇಡಿ.

ವಾಂತಿ ಏಕೆ ಬರುತ್ತದೆ?

ಆಟಪಾಟ ಏನಿದ್ದರೂ ವಾಕರಿಕೆ ಶುರುವಾದರೆ ಮುಗಿಯಿತು. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಸಣ್ಣ ನಾಳಗಳಿವೆ. ಗಾಡಿ ತಿರುಗಿದಾಗ, ಏರಿಳಿದಾಗ ಆ ದ್ರವ ಅಲುಗಾಡಿ "ನಾವು ಚಲಿಸುತ್ತಿದ್ದೇವೆ" ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಮಗು ಆಗ ತಲೆ ತಗ್ಗಿಸಿ ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿದ್ದರೆ ಕಣ್ಣು "ಎಲ್ಲವೂ ನಿಂತಲ್ಲೇ ಇದೆ" ಎನ್ನುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡು ವರ್ಷದವರಿಗೆ ಹೆಚ್ಚು. ನಾಯಿಗಳೂ ಗಾಡಿಯಲ್ಲಿ ಹೀಗೆಯೇ ವಾಂತಿ ಮಾಡಿಕೊಳ್ಳುತ್ತವೆ, ಅವುಗಳಲ್ಲೂ ಮರಿಗಳದ್ದೇ ಹೆಚ್ಚಿನ ತೊಂದರೆ.

ನನ್ನ ಮನೆಯಲ್ಲೇ ಇದು ನಡೆಯಿತು. ಶಿರಾಡಿ ಘಾಟಿ ಇಳಿಯುವಾಗ ಹನ್ನೊಂದು ವರ್ಷದ ಮಗಳು ಸದ್ದಿಲ್ಲದೆ ಮೊಬೈಲ್ ನೋಡುತ್ತಿದ್ದಳು. ಮಗು ಗಲಾಟೆ ಮಾಡುತ್ತಿಲ್ಲವಲ್ಲ ಎಂದು ನಾನೂ ಸುಮ್ಮನಿದ್ದೆ. ಸ್ವಲ್ಪ ಹೊತ್ತಿಗೆ ಅವಳು ಕಕ್ಕಿದಳು. ಆ ವಾಸನೆಗೆ ತಮ್ಮನೂ ಕಕ್ಕಿದ. ಉಳಿದ ದಾರಿಯುದ್ದಕ್ಕೂ ಗಾಜು ಇಳಿಸಿಕೊಂಡೇ ಹೋದೆವು. ಓದಿದವನು ನಾನು, ನನಗೇ ಹೊಳೆಯಲಿಲ್ಲ.

ಹೊರಡುವ ಒಂದೆರಡು ಗಂಟೆ ಮೊದಲು ಇಡ್ಲಿ, ಮೊಸರನ್ನದಂಥ ಹಗುರ ಊಟ ಸ್ವಲ್ಪ ಕೊಡಿ. ಬರೀ ಹೊಟ್ಟೆಯೂ ಬೇಡ, ಪೂರಿ, ಬೋಂಡ, ತುಪ್ಪದ ಸಿಹಿಯೂ ಬೇಡ. ಹಾಲು ಹೆಚ್ಚು ಕುಡಿಯಿರಿ ಎಂದು ಊರೂರು ತಿರುಗುವ ನಾನೇ ಹೇಳುತ್ತಿದ್ದೇನೆ, ಘಾಟಿಗೆ ಮೊದಲು ದೊಡ್ಡ ಲೋಟದ ತುಂಬ ಕೆನೆಹಾಲು ಕುಡಿಸಬೇಡಿ. ಮುಖ ಬಿಳಿಚಿಕೊಂಡು, ಆಕಳಿಕೆ ಬಂದು, ಮಾತು ನಿಂತರೆ ಅದೇ ಮುನ್ಸೂಚನೆ. ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಿ, ಗಾಳಿಗೆ ನಿಲ್ಲಿಸಿ, ದೂರದ ಗುಡ್ಡ ನೋಡಲು ಹೇಳಿ.

ಮಾತ್ರೆ ಕೊಡಿ ಸಾರ್ ಎಂದು ಕೆಲವರು ನನ್ನನ್ನೇ ಕೇಳುತ್ತಾರೆ. ನನಗೆ ಗೊತ್ತಿರುವುದು ಹಸುವಿನ ಪ್ರಮಾಣ. ಮಗುವಿನ ತೂಕಕ್ಕೆ ತಕ್ಕ ಔಷಧಿಯನ್ನು ಮಕ್ಕಳ ವೈದ್ಯರು ಬರೆದುಕೊಡಬೇಕು. ಅದನ್ನು ಹೊರಡುವ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಹೆಚ್ಚು ಉಪಯೋಗವಿಲ್ಲ. ಇನ್ನು ಮಗು ಮಲಗಿಬಿಡಲಿ ಎಂದು ನೆಗಡಿಯ ಸಿರಪ್ ಕುಡಿಸುವ ಪರಿಪಾಠ ಕೆಲವೆಡೆ ಇದೆ. ಇದು ಅಪಾಯಕರ. ಎಳೆಯ ಮಕ್ಕಳಲ್ಲಿ ಉಸಿರಾಟಕ್ಕೇ ತೊಂದರೆಯಾಗಬಹುದು.

ಯಾವ ವಯಸ್ಸಿಗೆ ಏನು?

ಮೊಲೆಹಾಲು ಕುಡಿಯುವ ಕೂಸಿಗೆ ಆಟಕ್ಕಿಂತ ಪರಿಚಿತ ವಾಸನೆ ಮುಖ್ಯ. ಮನೆಯಲ್ಲಿ ಹೊದೆಯುವ ಬಟ್ಟೆಯನ್ನೇ ತನ್ನಿ. ಹಾಲುಣಿಸುವುದನ್ನು ಗಾಡಿ ನಿಲ್ಲಿಸಿಯೇ ಮಾಡಿ.

ಒಂದರಿಂದ ಮೂರು ವರ್ಷದವರನ್ನು ಸುಧಾರಿಸುವುದೇ ಅತಿ ಕಷ್ಟ. ಅವರಿಗೆ ಕೈಗೆ ಕೆಲಸ ಬೇಕು. ಅಂಗಡಿಯ ಆಟಿಕೆ ಬೇಡ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಳಗೆ ನಾಲ್ಕು ಬಣ್ಣದ ಬಟ್ಟೆ ಚೂರು ತುರುಕಿ ಕೊಡಿ. ತೆಗೆದು, ಹಾಕಿ, ಮತ್ತೆ ತೆಗೆದು ಅರ್ಧ ಗಂಟೆ ಕಳೆಯುತ್ತಾರೆ. ಎಲ್ಲವನ್ನೂ ಒಟ್ಟಿಗೆ ಕೊಡದೆ ಒಂದು ಬೇಸರವಾದ ಮೇಲೆ ಇನ್ನೊಂದು ಹೊರತೆಗೆಯಿರಿ. ಕಡಲೆಕಾಯಿ ಬೀಜ, ಹುಣಸೆ ಬೀಜ, ಗಟ್ಟಿ ಪೆಪ್ಪರಮೆಂಟು ಈ ವಯಸ್ಸಿನವರ ಕೈಗೆ ಸಿಗಬಾರದು. ಗಾಡಿ ಕುಲುಕಿದಾಗ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಾಲ್ಕರಿಂದ ಏಳು ವರ್ಷದವರಿಗೆ ಎಣಿಸುವ ಆಟ ಚೆನ್ನ. ನಮ್ಮ ಮನೆಯ ದನ ಎಣಿಕೆಯ ಆಟವನ್ನು ಹೇಳುತ್ತೇನೆ, ಹೈನುಗಾರರ ಮಕ್ಕಳಿಗೆ ಇದು ಬಲು ಸುಲಭ. ಕಪ್ಪು ಬಿಳುಪಿನ ಎಚ್.ಎಫ್. ಕಂಡರೆ ಒಂದು ಅಂಕ. ಕಂದು ಬಣ್ಣದ ಜೆರ್ಸಿಗೆ ಎರಡು. ಎಮ್ಮೆಗೆ ಮೂರು. ಬೂದು ಬಣ್ಣದ, ಉದ್ದ ಕೊಂಬಿನ ಹಳ್ಳಿಕಾರ್ ಜೋಡಿಗೆ ಐದು. ಹತ್ತು ಅಂಕದ ದನ ನಮ್ಮ ಕಡೆ ಸಿಗುವುದಿಲ್ಲ. ಸಕಲೇಶಪುರದಾಚೆ ರಸ್ತೆಯಂಚಿನಲ್ಲಿ ಮೇಯುವ ಮಲೆನಾಡು ಗಿಡ್ಡ ಅದು. ಬಲಿತ ಹಸುವೂ ಮೂರಡಿ ಎತ್ತರದ ಸುಮಾರಿಗೆ ಇರುತ್ತದೆ. ಮಕ್ಕಳು ಅದನ್ನು ಕರುವೆಂದೇ ತಿಳಿದು ಎಣಿಸದೆ ಬಿಡುತ್ತಾರೆ, ಆಗ ವಾದ ಹುಟ್ಟುತ್ತದೆ. ಆ ವಾದಕ್ಕೇ ಹತ್ತು ಕಿಲೋಮೀಟರ್ ದಾರಿ ಸವೆಯುತ್ತದೆ. ಈ ಆಟದ ದೊಡ್ಡ ಲಾಭವೆಂದರೆ ಮಗುವಿನ ಕಣ್ಣು ದೂರಕ್ಕೆ ನೆಟ್ಟಿರುತ್ತದೆ, ವಾಕರಿಕೆಯೂ ದೂರ. ಕೈ, ತಲೆ ಹೊರಗೆ ಹಾಕದಂತೆ ಮಾತ್ರ ನೋಡಿಕೊಳ್ಳಿ.

ಎಂಟರಿಂದ ಹನ್ನೆರಡರವರಿಗೆ ಲೆಕ್ಕ ಕೊಡಿ. ಎದುರು ಬರುವ ವಾಹನಗಳ ನಂಬರ್ ನೋಡಿ ಊರು ಹೇಳಲಿ. 11 ಮಂಡ್ಯ, 13 ಹಾಸನ, 46 ಸಕಲೇಶಪುರ, 21 ಪುತ್ತೂರು, 19 ಮಂಗಳೂರು. ಹಾಸನದ ಗಾಡಿಗಳು ಕಡಿಮೆಯಾಗಿ ಮಂಗಳೂರಿನವು ಹೆಚ್ಚಾಗುತ್ತ ಬಂದರೆ ಊರು ಹತ್ತಿರವಾಯಿತೆಂದು ಅವರೇ ಹೇಳುತ್ತಾರೆ, "ಇನ್ನೂ ಎಷ್ಟು ದೂರ?" ಎಂಬ ಪ್ರಶ್ನೆ ನಿಲ್ಲುತ್ತದೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ, 3600ನ್ನು ಅದರಿಂದ ಭಾಗಿಸಿದರೆ ಗಾಡಿಯ ವೇಗ ಸಿಗುತ್ತದೆ. 60 ಸೆಕೆಂಡಾದರೆ 60 ಕಿ.ಮೀ., 90 ಸೆಕೆಂಡಾದರೆ 40. ನನ್ನ ಮಗಳು ಈ ಲೆಕ್ಕ ಕಲಿತ ಮೇಲೆ ನನಗೆ ವೇಗವಾಗಿ ಓಡಿಸುವ ಸ್ವಾತಂತ್ರ್ಯವೇ ಹೋಯಿತು!

ಊರಿನ ಹೆಸರಿನ ಅಂತ್ಯಾಕ್ಷರಿಯನ್ನು ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಆಡಬಹುದು. ಮಂಡ್ಯ ಎಂದರೆ ಯಳಂದೂರು, ಯಳಂದೂರು ಎಂದರೆ ರಾಮನಗರ. ನಮ್ಮ ಊರುಗಳೆಲ್ಲ 'ಊರು' ಎಂದೇ ಮುಗಿಯುವುದರಿಂದ ಬೇಗ 'ರ'ಕಾರಕ್ಕೆ ಸಿಕ್ಕಿಬೀಳುತ್ತೀರಿ. ರಾಯಚೂರು, ರಾಣೆಬೆನ್ನೂರು, ರೋಣ, ರಾಯಬಾಗ ಇವನ್ನು ಗುಟ್ಟಾಗಿ ಇಟ್ಟುಕೊಂಡಿರಿ. 'ಣ', 'ಳ' ಬಂದರೆ 'ನ', 'ಲ' ಎಂದು ಮೊದಲೇ ಒಪ್ಪಿಕೊಳ್ಳಿ, ಇಲ್ಲದಿದ್ದರೆ ರೋಣಕ್ಕೇ ಆಟ ನಿಂತುಹೋಗುತ್ತದೆ.

ಹದಿಮೂರು ದಾಟಿದವರನ್ನು ಆಡಿಸಲು ಹೋಗಬೇಡಿ, ಅವರಿಗೆ ಅವಮಾನವಾಗುತ್ತದೆ. ಜವಾಬ್ದಾರಿ ಕೊಡಿ. ಪೆಟ್ರೋಲು, ಟೋಲು, ಕಾಫಿಯ ಲೆಕ್ಕ ಅವರು ಬರೆಯಲಿ. ಮುಂದಿನ ಊರು ಯಾವುದು, ಎಲ್ಲಿ ಏನು ನೋಡಬೇಕು ಎಂಬುದನ್ನು ಅವರೇ ಚಿಕ್ಕವರಿಗೆ ಹೇಳಲಿ. ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಗೊಮ್ಮಟನ ಬೆಟ್ಟ ಮೊದಲು ಯಾರ ಕಣ್ಣಿಗೆ ಬೀಳುತ್ತದೆ, ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಗೆ ಎಷ್ಟು ಮೂಲೆ, ಘಾಟಿಯಲ್ಲಿ ರಸ್ತೆಯ ಜೊತೆಗೇ ಹರಿಯುವ ಕೆಂಪುಹೊಳೆ ಎಡಕ್ಕಿದೆಯೋ ಬಲಕ್ಕೋ ಎಂದೆಲ್ಲ ಕೇಳಿ. ಇಂಥದ್ದನ್ನು ಮೊದಲೇ ಓದಿಕೊಂಡು ಬಂದ ಹುಡುಗ ಮೊಬೈಲನ್ನು ತಾನಾಗಿ ಜೇಬಿಗೆ ಹಾಕುತ್ತಾನೆ. ಮೊಬೈಲು ಪೂರ್ತಿ ಬೇಡವೆಂದು ನಾನು ಹೇಳುವುದಿಲ್ಲ. ಕಥೆ, ಹಾಡು ಕೇಳಲಿ. ನೋಡುವುದು ಬೇಡ.

ನಿಲ್ಲಬೇಕಾದಲ್ಲಿ ನಿಲ್ಲಿ

ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಲೇಬೇಕು, ಕಾಲು ಗಂಟೆ ಮಕ್ಕಳು ಓಡಾಡಬೇಕು. ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ಇದಕ್ಕೆ ಅನುಕೂಲ. ಘಾಟಿಯ ತಿರುವಿನಲ್ಲಿ ಮಾತ್ರ ಇಳಿಸಬೇಡಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರುಗುವುದುಂಟು, 2018ರಲ್ಲೂ 2024ರಲ್ಲೂ ಸಂಚಾರ ನಿಂತಿತ್ತು. ವಿಚಾರಿಸಿಕೊಂಡೇ ಹೊರಡಿ. ಸಾಲುಗಟ್ಟಿ ನಿಲ್ಲಬೇಕಾಗಿ ಬಂದರೆ ಬೇಕಾಗುತ್ತದೆಂದು ಒಂದು ಆಟವನ್ನೂ ಒಂದು ಪೊಟ್ಟಣ ಮಂಡಕ್ಕಿಯನ್ನೂ ಬೇರೆಯಾಗಿ ತೆಗೆದಿಡಿ.

ನಿದ್ದೆ ಹೋದ ಮಗುವನ್ನು ಕಾರಿನಲ್ಲೇ ಬಿಟ್ಟು, ಗಾಜು ಏರಿಸಿ ಕಾಫಿಗೆ ಇಳಿಯಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರುತ್ತದೆ, ಮಗುವಿನ ಮೈ ನಮ್ಮ ಮೈಗಿಂತ ಬಹಳ ಬೇಗ ಕಾಯುತ್ತದೆ. ಗಾಜು ಒಂದಿಷ್ಟು ಇಳಿಸಿದ್ದರೂ ಸಾಲದು. ಮನೆಯಂಗಳದಲ್ಲಿ ನಿಂತ ಕಾರಿಗೂ ಬೀಗ ಹಾಕಿ ಕೀಲಿಯನ್ನು ಎತ್ತರದಲ್ಲಿಡಿ. ಆಡುತ್ತ ಒಳಗೆ ಸೇರಿಕೊಂಡ ಮಗು ಬಾಗಿಲು ತೆಗೆಯಲಾಗದೆ ಸಿಕ್ಕಿಕೊಳ್ಳಬಹುದು.

ಪ್ರವಾಸ ಮುಗಿಸಿ ಬಂದ ಮರುದಿನ ಬೆಳಿಗ್ಗೆ ಹಾಲು ಕರೆಯುವಾಗ, ಪ್ರತಿ ಮೊಲೆಯ ಮೊದಲ ಎರಡು ಮೂರು ಸೊರೆಯನ್ನು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ ಹಿಂಡಿ ನೋಡಿ. ಬೇರೆ ಕೈಯಲ್ಲಿ ಕರೆಸಿದಾಗ ಕೆಚ್ಚಲಿನಲ್ಲಿ ಹಾಲು ಉಳಿದು ಬಾವು ಶುರುವಾಗಿರಬಹುದು. ಗಡ್ಡೆ ಅಥವಾ ನೀರಾದ ಹಾಲು ಕಂಡರೆ ಸಂಘಕ್ಕೆ ಹಾಕದೆ ಅಂದೇ ನಮಗೆ ಹೇಳಿಕಳಿಸಿ.